ಮೂರು ಕಿಲೋ ನೂರು ಗ್ರಾಂ

ನನ್ನ ಮದುವೆಗೆ ಬಂದ ಉಡುಗೊರೆಗಳಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಒಂದೇ, ಓವನ್. ಅದರಲ್ಲಿ ನಾನು ಈವರೆಗೆ ಒಂದು ಬಿಸ್ಕತ್ತನ್ನೂ ಬೇಯಿಸಿಲ್ಲ. ಮದುವೆಯಾದ ಐದನೆಯ ದಿನ ಅತ್ತೆ ಅದರ ಬಾಗಿಲು ತೆರೆದು, ಒಳಗೆ ಕೈಯಾಡಿಸಿ, "ನೂರ ಎಂಬತ್ತು ಡಿಗ್ರಿ ಹೋಗುತ್ತಾ?" ಎಂದು ಕೇಳಿದರು. ಅತ್ತೆಗೆ ನನ್ನ ಅಡುಗೆಯ ಮೇಲೆ ಆಸಕ್ತಿ ಹುಟ್ಟಿದೆ ಎಂದು ಹಿಗ್ಗಿ ನಾನು, "ಇನ್ನೂರೈವತ್ತರ ತನಕ ಹೋಗುತ್ತೆ ಅತ್ತೆ" ಎಂದೆ. ಮಾರನೆಯ ದಿನ ಓವನ್ ಅಡುಗೆಮನೆಯಲ್ಲಿ ಇರಲಿಲ್ಲ. ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಿತ್ತು. ಒಳಗೆ ತಂತಿಗೆ ಸಿಕ್ಕಿಸಿದ ಹದಿನೆಂಟು ಹಿತ್ತಾಳೆ ಎಲೆಗಳು ನೇತಾಡುತ್ತಿದ್ದವು. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: "ಇದರಲ್ಲಿ ತಿನ್ನುವ ಪದಾರ್ಥ ಇಡಬಾರದು."

ಗಂಡನ ಹತ್ತಿರ ದೂರು ಹೇಳಿದೆ. ಇವರು ಪೇಪರಿನಿಂದ ತಲೆ ಎತ್ತದೆ, "ನನ್ನ ಸೈಕಲ್ ಡೈನಮೋನೂ ಹಾಗೇ ಹೋಯ್ತು" ಎಂದರು. ಅಲ್ಲಿಗೆ ಆ ವಿಚಾರಣೆ ಮುಗಿಯಿತು.

ಆ ಹಿತ್ತಾಳೆ ಎಲೆಗಳಿಗೆ ನಮ್ಮ ಮನೆಯಲ್ಲಿ ಬ್ಲೇಡು ಎನ್ನುತ್ತಾರೆ. ಬ್ಲೇಡು ಎಂದ ಕೂಡಲೇ ಗಡ್ಡ ಹೆರೆಯುವುದು ನೆನಪಾಗುವವರಿಗೆ ಒಂದು ಮಾತು. ಅತ್ತೆಯ ಬ್ಲೇಡು ಏನನ್ನೂ ಕೊಯ್ಯುವುದಿಲ್ಲ. ಹೆಬ್ಬೆರಳಿನಷ್ಟು ಉದ್ದದ, ಸ್ವಲ್ಪ ಡೊಂಕಾದ, ಒಂದು ತುದಿಯಲ್ಲಿ ತೂತಿರುವ ತಗಡು. ಗಾಳದ ಮುಂದೆ ಅದನ್ನು ಕಟ್ಟಿ ಕೆರೆಗೆ ಎಸೆದು ದಾರ ಎಳೆದರೆ ನೀರೊಳಗೆ ಗಿರಗಿರ ತಿರುಗಿ ಹೊಳೆಯುತ್ತದೆ. ದೊಡ್ಡ ಮೀನು ಅದನ್ನು ಸಣ್ಣ ಮೀನು ಎಂದು ನಂಬಿ ಬಾಯಿ ಹಾಕುತ್ತದೆ. ಎರೆಹುಳು ಮುಟ್ಟಲು ಹೇಸುವವರಿಗೆ ಇದು ವರ. ಆದರೆ ಬರೀ ತಗಡು ನಾಲ್ಕು ದಿನದಲ್ಲಿ ಕಪ್ಪಾಗುತ್ತದೆ. ಅದಕ್ಕೆ ಬಣ್ಣ ಬೇಕು, ಬಣ್ಣ ನೀರಲ್ಲಿ ನಿಲ್ಲಲು ಮೇಲೊಂದು ಹೊದಿಕೆ ಬೇಕು. ಅತ್ತೆ ಅದನ್ನು ಮಾಡುತ್ತಿದ್ದರು.

ಅತ್ತೆ ಇಪ್ಪತ್ತಾರು ವರ್ಷ ನಲ್ಲಿ, ಚಿಲಕ, ಸೈಕಲ್ ಗಂಟೆಗಳಿಗೆ ನಿಕ್ಕಲ್ ಲೇಪ ಹಾಕುವ ಕಾರ್ಖಾನೆಯಲ್ಲಿ ದುಡಿದವರು. ಸೇರಿದ್ದು ತೊಳೆಯುವ ಕೆಲಸಕ್ಕೆ, ಬಿಟ್ಟದ್ದು ತಪಾಸಣೆಯ ಮೇಜಿನಿಂದ. ಅಲ್ಲಿಂದ ಅವರ ಜೊತೆ ಮನೆಗೆ ಬಂದದ್ದು ಎರಡು: ಯಾವ ವಸ್ತುವನ್ನು ನೋಡಿದರೂ ಮೊದಲು ಅದರ ಕೊರತೆ ಕಾಣುವ ಕಣ್ಣು, ಮತ್ತು ಎರಡು ತಟ್ಟೆಯ ಒಂದು ತಕ್ಕಡಿ. ಕಾರ್ಖಾನೆ ಮುಚ್ಚಿದಾಗ ಉಳಿದವರೆಲ್ಲ ಗೋಡೆ ಗಡಿಯಾರಕ್ಕೆ, ಕುರ್ಚಿಗೆ ಕಿತ್ತಾಡಿದರಂತೆ. ಅತ್ತೆ ತಕ್ಕಡಿ ಎತ್ತಿಕೊಂಡು ಬಂದರು. ಪ್ರತಿ ಸೋಮವಾರ ಬೆಳಗ್ಗೆ ತೂಕದ ಬಟ್ಟುಗಳನ್ನು ಇಟ್ಟು ಅದನ್ನು ಪರೀಕ್ಷಿಸುತ್ತಿದ್ದರು. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವತ್ತು ನಮಗೆ ಬೆಳಗಿನ ತಿಂಡಿ ತಡ.

ಹಿಂದಿನ ಕೋಣೆಯ ಕೆಲಸ ನೋಡಲು ನನಗೆ ಅನುಮತಿ ಇತ್ತು, ಮುಟ್ಟಲು ಇರಲಿಲ್ಲ. ಮೊದಲು ಎಮರಿ ಪೇಪರಿನಲ್ಲಿ ತಗಡಿನ ಮೈ ಸ್ವಲ್ಪ ಒರಟು ಮಾಡುವುದು. ಆಮೇಲೆ ಜಿಡ್ಡು ಹೋಗಲೆಂದು ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸುವುದು. ಆಮೇಲೆ ತೂತಿಗೆ ಕೊಕ್ಕೆ ಸಿಕ್ಕಿಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಬಣ್ಣದ ಪುಡಿಯ ಡಬ್ಬಿಯಲ್ಲಿ ಒಮ್ಮೆ ಮುಳುಗಿಸಿ ತೆಗೆಯುವುದು. ಪುಡಿ ಬಿಸಿಗೆ ಕರಗಿ ಹಿಡಿದುಕೊಳ್ಳುತ್ತದೆ. ಅದು ಗಟ್ಟಿಯಾಗಲು ಇಪ್ಪತ್ತು ನಿಮಿಷ ನನ್ನ ಓವನ್. ತಣ್ಣಗಾದ ಮೇಲೆ ಸಣ್ಣ ಕುಂಚದಲ್ಲಿ ಕಪ್ಪು ಚುಕ್ಕೆ. ಕೊನೆಗೆ ಎರಡು ಬಾಟಲಿಗಳಿಂದ ಸಮತೂಕ ತೆಗೆದು ಬೆರೆಸಿದ ವಾರ್ನಿಷ್. ಅದಕ್ಕೇ ತಕ್ಕಡಿ. ವಾರ್ನಿಷ್ ಒಂದೇ ಕಡೆ ಇಳಿದು ಗಡ್ಡೆ ಕಟ್ಟದ ಹಾಗೆ ಬ್ಲೇಡುಗಳನ್ನು ಕೊಡೆಯ ಕಡ್ಡಿಗಳಿಗೆ ಕಟ್ಟಿ, ನನ್ನ ಗಂಡನ ಡೈನಮೋ ಜೋಡಿಸಿದ ಒಂದು ಯಂತ್ರದಲ್ಲಿ ನಿಮಿಷಕ್ಕೆ ಎರಡು ಸುತ್ತಿನಂತೆ ಐದು ಗಂಟೆ ತಿರುಗಿಸುವುದು. ಡೈನಮೋವನ್ನು ತಿರುಗಿಸುವ ಯಂತ್ರವಾಗಿ ಹೇಗೆ ಮಾಡಿದರೆಂದು ಕೇಳಿದ್ದಕ್ಕೆ, "ಬೈದು" ಎಂದರು.

ಒಣಗಿದವನ್ನು ಮೂರು ಮೂರರಂತೆ ರಟ್ಟಿಗೆ ದಾರದಲ್ಲಿ ಕಟ್ಟಿ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಹಾಕುತ್ತಿದ್ದರು. ಅತ್ತೆ ಎಡಗೈಯವರು. ನಮ್ಮ ಮನೆಯ ಕತ್ತರಿ ಅವರಿಗೆ ಆಗದು, ಅವರ ಕತ್ತರಿ ನಮಗೆ ಆಗದು. ಅವರು ಹಾಕಿದ ಗಂಟನ್ನು ಬಿಚ್ಚಲು ಹೋದರೆ ಅದು ಇನ್ನೂ ಬಿಗಿಯಾಗುತ್ತಿತ್ತು.

ಪ್ಯಾಕೆಟ್ಟುಗಳನ್ನು ಬಸ್ ನಿಲ್ದಾಣದ ಹಿಂದಿನ ಗಾಳದ ಅಂಗಡಿಗೆ ಕೊಟ್ಟು ಬರುವುದು ನನ್ನ ಕೆಲಸ. ಯಾರು ಮಾಡಿದ್ದು ಎಂದು ಹೇಳಬಾರದು ಎಂಬುದು ಅಂಗಡಿಯವನಿಗೂ ನನಗೂ ಅತ್ತೆ ಹಾಕಿದ್ದ ಕಟ್ಟಪ್ಪಣೆ. ನಾನು ವಾಪಸ್ ಬಂದ ಮೇಲೆ ಅವರು ಹಳದಿ, ಹಸಿರು, ಬೆಳ್ಳಿ ಬಣ್ಣದವುಗಳ ಬಗ್ಗೆ ಕೇಳುತ್ತಿರಲಿಲ್ಲ. ಕುಂಚ ತೊಳೆಯುತ್ತಾ, ಗೋಡೆ ನೋಡುತ್ತಾ, "ಕೆಂಪುದು ಹೋಯ್ತಾ?" ಎನ್ನುತ್ತಿದ್ದರು. ಹೋಯಿತು ಎಂದರೆ "ಹೂಂ." ಆ ದಿನ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಅವರು ಏನೂ ಅನ್ನುತ್ತಿರಲಿಲ್ಲ.

ಕೆಂಪು ಬ್ಲೇಡು ಕೊಳ್ಳುತ್ತಿದ್ದುದು ಒಬ್ಬರೇ, ಅತ್ತೆಯ ಅಣ್ಣ. ನನ್ನ ಗಂಡನ ಸೋದರಮಾವ. ಎರಡು ಬೀದಿ ಆಚೆ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡು, ಭಾನುವಾರ ಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂರುವವರು. ಅಣ್ಣ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಕಾರಣ ಆಸ್ತಿಯಲ್ಲ, ಮದುವೆಯಲ್ಲ, ಯಾರದೋ ಚಾಡಿಯೂ ಅಲ್ಲ. ಒಂದು ಮೀನು. ಆ ಭಾನುವಾರ ಸೋದರಮಾವ ತಮ್ಮ ಜೀವಮಾನದ ದೊಡ್ಡ ಮೀನು ಹಿಡಿದು, ಬೀದಿಯುದ್ದಕ್ಕೂ ಎತ್ತಿ ತೋರಿಸುತ್ತಾ, "ನಾಲ್ಕು ಕಿಲೋ" ಎನ್ನುತ್ತಾ ನಮ್ಮ ಮನೆಗೆ ಬಂದರಂತೆ. ಹಿಂದೆ ಹತ್ತು ಜನ ನೆರೆಹೊರೆಯವರು. ಅತ್ತೆ ಒಳಗೆ ಹೋಗಿ ತಕ್ಕಡಿ ತಂದರು. ಹತ್ತು ಜನರ ಎದುರಿಗೆ ತೂಗಿದರು. "ಮೂರು ಕಿಲೋ ನೂರು ಗ್ರಾಂ" ಎಂದರು. ಯಾರೋ ಕಿಸಕ್ಕನೆ ನಕ್ಕರು. ಸೋದರಮಾವ ಮೀನನ್ನು ತಟ್ಟೆಯಿಂದ ಎತ್ತಿಕೊಂಡು ಹೊರಟರು. ಅವತ್ತಿನಿಂದ ಬೀಗದ ಅಂಗಡಿಯವರು ತಂಗಿಯ ಪಾಲಿಗೆ ಬಾಯಿಗೂ ಬೀಗ ಹಾಕಿಕೊಂಡರು.

"ನೀವು ಸುಮ್ನೆ ನಾಲ್ಕು ಅಂದುಬಿಡಬಹುದಿತ್ತಲ್ಲ ಅತ್ತೆ" ಎಂದು ನಾನೊಮ್ಮೆ ಹೇಳಿ ನೋಡಿದೆ.

"ಒಂಬೈನೂರು ಗ್ರಾಂ ಎಲ್ಲಿಂದ ತರಲಿ?" ಎಂದರು.

ಆದರೂ ಆ ಕೆಂಪು ಬ್ಲೇಡಿಗೆ ಅವರು ಪಡುತ್ತಿದ್ದ ಪಾಡು ಉಳಿದ ಯಾವ ಬಣ್ಣಕ್ಕೂ ಇರಲಿಲ್ಲ. ನಮ್ಮ ಕೆರೆಯ ನೀರು ಕಂದು. ಅದರಲ್ಲಿ ಅಣ್ಣನ ಕೈಗೆ ಯಾವ ಕೆಂಪು ಸರಿ ಎಂದು ನಾಲ್ಕು ಡಬ್ಬಿ ಪುಡಿ ಬೆರೆಸಿ ಬೆರೆಸಿ ಹದ ಹಿಡಿದಿದ್ದರು. ಅಣ್ಣ ಬಂದು ಮಾತಾಡಿಸಬೇಕು ಎಂಬ ಆಸೆಯನ್ನೆಲ್ಲ ಅವರು ಇಟ್ಟುಕೊಂಡಿರಲಿಲ್ಲ. ಅವನ ಗಾಳದ ತುದಿಯಲ್ಲಿ ತಾನು ಮಾಡಿದ್ದು ತಿರುಗುತ್ತಿದ್ದರೆ ಸಾಕು, ಅವನಿಗೆ ಗೊತ್ತಾಗದಿದ್ದರೂ ಸರಿ. ಹನ್ನೊಂದು ವರ್ಷದಲ್ಲಿ ಅವರಿಬ್ಬರ ನಡುವೆ ಉಳಿದಿದ್ದ ಸಂಬಂಧ ಇಷ್ಟೇ ಉದ್ದದ ದಾರ. ಬಾಯಿ ಬಿಟ್ಟು ಅವರೆಂದೂ ಇದನ್ನು ಹೇಳಿಲ್ಲ. ಒಂದೇ ಸೂರಿನಡಿ ಇದ್ದವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತೆಯ ಬೆರಳ ಗಿಣ್ಣುಗಳು ಊದಿಕೊಂಡವು. ಬೆಳಗ್ಗೆ ಲೋಟ ಹಿಡಿಯಲು ಎರಡು ಕೈ ಬೇಕಾಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟರು. ಅತ್ತೆ ಮಾತ್ರೆ ನುಂಗಿ, ಜೊತೆಗೆ ತಮ್ಮ ಅಮ್ಮ ಮಾಡುತ್ತಿದ್ದ ಮುಲಾಮನ್ನೂ ಮಾಡಿಕೊಂಡರು. ಜೇನುಮೇಣ, ಕರ್ಪೂರ, ಲವಂಗದ ಎಣ್ಣೆ. ಅದರ ಅಳತೆ ಗೊತ್ತಿರುವವರು ಲೋಕದಲ್ಲಿ ಇಬ್ಬರೇ ಉಳಿದಿದ್ದರು, ಅಣ್ಣ ಮತ್ತು ತಂಗಿ. ಮುಲಾಮು ಹಚ್ಚಿದ ಮೇಲೆ ಅತ್ತೆಯ ಬೆರಳು ಮಡಚುತ್ತಿತ್ತು, ಇಕ್ಕಳ ಹಿಡಿಯುತ್ತಿತ್ತು. ಮನೆಯ ತುಂಬಾ ಕರ್ಪೂರದ ವಾಸನೆ. ಎರಡು ವಾರದಲ್ಲಿ ನಮ್ಮ ಮೂಗಿಗೆ ಅದು ಅಭ್ಯಾಸವಾಯಿತು.

ಫೆಬ್ರವರಿಯಲ್ಲಿ ಒಂದು ದಿನ ನಾನು ಪ್ಯಾಕೆಟ್ಟು ಕೊಡಲು ಹೋದಾಗ ಗಾಳದ ಅಂಗಡಿಯವನು ತಲೆ ಕೆರೆದುಕೊಂಡ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಬೀಗದ ಯಜಮಾನ್ರು ಕೆಂಪುದನ್ನ ವಾಪಸ್ ಕೊಟ್ರು."

"ಯಾಕಂತೆ?"

"ಪ್ಯಾಕೆಟ್ ಬಿಚ್ಚಿದ್ರು. ತಿರುಗಿಸಿ ನೋಡಿದ್ರು. ಮೂಸಿ ಬೇರೆ ನೋಡಿದ್ರು. ಆಮೇಲೆ ಕೌಂಟರ್ ಮೇಲಿಟ್ಟು, ಇದು ಬೇಡ, ಇನ್ನು ಮುಂದೆನೂ ಬೇಡ, ಮಾಡೋರಿಗೆ ಸಾಕು ನಿಲ್ಸಿ ಅಂತ ಹೇಳು ಅಂದ್ರು."

ನಾನು ಬ್ಲೇಡನ್ನು ಬೆಳಕಿಗೆ ಹಿಡಿದೆ. ಕೆಂಪು ಮೈಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಕುಳಿ. ಅಲ್ಲಲ್ಲಿ ವಾರ್ನಿಷ್ ಅಂಚು ಬಿಟ್ಟು ಸರಿದುಕೊಂಡಿತ್ತು. ನಿಕ್ಕಲ್ ಕಾರ್ಖಾನೆಯಲ್ಲಿ ಇಂಥದ್ದು ಅತ್ತೆಯ ಮೇಜು ದಾಟಿ ಹೋಗುತ್ತಿರಲಿಲ್ಲ. ಇಲ್ಲಿ ಅತ್ತೆಯೇ ಮಾಡಿ, ಅತ್ತೆಯೇ ನೋಡಿ ಕಳಿಸಿದ್ದರು. ಅವರ ಕಣ್ಣೂ ಮಂದವಾಗಿದೆ ಎಂದು ನನಗೆ ಆಗ ಹೊಳೆಯಿತು.

ಮನೆಗೆ ಬಂದು ಹೇಳಿದೆ. ಸುಳ್ಳು ಹೇಳೋಣ ಎಂದು ದಾರಿಯಲ್ಲಿ ಮೂರು ಸಲ ಅಂದುಕೊಂಡಿದ್ದೆ, ಆದರೆ ಆ ಮನೆಯಲ್ಲಿ ನೂರು ಗ್ರಾಮಿಗೂ ಸುಳ್ಳು ನಡೆಯುವುದಿಲ್ಲವಲ್ಲ. ಅತ್ತೆ ಭೂತಗನ್ನಡಿ ತಂದು ಕುಳಿಗಳನ್ನು ನೋಡಿದರು. ತುಂಬಾ ಹೊತ್ತು ನೋಡಿದರು.

"ನಿಲ್ಸಿ ಅಂದ್ನಾ?"

"ಹೂಂ ಅತ್ತೆ."

"ಸರಿಯಾಗೇ ಅಂದಿದಾನೆ. ಇದನ್ನ ನಾನಾದ್ರೂ ಕೊಳ್ತಿರಲಿಲ್ಲ."

ಆ ರಾತ್ರಿ ಊಟಕ್ಕೆ ಕೂತು ಎರಡು ತುತ್ತು ತಿಂದು ಎದ್ದರು. ಇವರು ನನ್ನ ಮುಖ ನೋಡಿದರು, ನಾನು ಉಪ್ಪಿನ ಡಬ್ಬಿ ನೋಡಿದೆ.

ಮಾರನೆಯ ದಿನದಿಂದ ತನಿಖೆ ಶುರುವಾಯಿತು. ಥಿನ್ನರ್ ಮೇಲೆ ಅನುಮಾನ, ಹೊಸ ಬಾಟಲಿ ತಂದರು. ಪುಡಿಯ ಮೇಲೆ ಅನುಮಾನ, ಜರಡಿ ಹಿಡಿದರು. ಕುಳಿ ಹೋಗಲಿಲ್ಲ. ಮೂರನೆಯ ದಿನ ಓವನ್ ಸರದಿ. ಅತ್ತೆ ಅದರ ಬಾಗಿಲು ತೆರೆದು ಒಳಗೆ ಮೂಗು ತೂರಿಸಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಏಕೆಂದರೆ ಜನವರಿಯಲ್ಲಿ, ಅವರು ಡಾಕ್ಟರ ಹತ್ತಿರ ಹೋಗಿದ್ದಾಗ, ನಾನು ಅದರಲ್ಲಿ ಒಂದು ಹಿಡಿ ಕಡಲೆಕಾಯಿ ಹುರಿದಿದ್ದೆ. ಬಣ್ಣದ ವಾಸನೆ ಹೊಡೆದು ಅಷ್ಟನ್ನೂ ಕಸಕ್ಕೆ ಸುರಿದಿದ್ದೆ. ಆದರೂ ಕಡಲೆಕಾಯಿ ಎಂದರೆ ಎಣ್ಣೆ, ಎಣ್ಣೆ ಎಂದರೆ ಕುಳಿ. ಅಣ್ಣ ತಂಗಿಯ ಕೊನೆಯ ದಾರವನ್ನು ಕಡಿದವಳು ನಾನೇ ಎಂದು ಅಲ್ಲೇ ಅಳು ಬಂತು. ಒಪ್ಪಿಕೊಂಡುಬಿಟ್ಟೆ.

ಅತ್ತೆ ನನ್ನನ್ನು ಬೈಯಲಿಲ್ಲ. "ಎಷ್ಟು ಕಡಲೆಕಾಯಿ?" ಎಂದರು.

"ಒಂದು ಹಿಡಿ."

"ಸಿಪ್ಪೆ ಸಹಿತಾನಾ?"

"ಹೂಂ."

"ಹಾಗಾದ್ರೆ ಅದಲ್ಲ" ಎಂದು ಬಾಗಿಲು ಮುಚ್ಚಿದರು. ನಾನು ಆರೋಪಮುಕ್ತಳಾದೆ. ಸ್ವಲ್ಪ ಬೈದಿದ್ದರೂ ಚೆನ್ನಾಗಿತ್ತು.

ಕೊನೆಗೆ ಅವರು ಹತ್ತು ತಗಡು ಸಾಲಾಗಿ ಇಟ್ಟು, ಒಂದೊಂದನ್ನೂ ಒರೆಸಿದ ಮೇಲೆ ಒಂದೊಂದು ಬೆರಳಿನಿಂದ ಒತ್ತಿ, ಬಣ್ಣ ಹಾಕಿ ಬೇಯಿಸಿದರು. ಬಲಗೈಯ ಕಿರುಬೆರಳು ಮುಟ್ಟಿದ್ದು ಒಂದೇ ನುಣುಪಾಗಿ ಬಂತು. ಆ ಬೆರಳಿಗೆ ನೋವಿರಲಿಲ್ಲ, ಮುಲಾಮು ಹಚ್ಚುತ್ತಿರಲಿಲ್ಲ. ಉಳಿದ ಒಂಬತ್ತರ ಮೇಲೂ ಬೆರಳಚ್ಚಿನ ಆಕಾರದಲ್ಲೇ ಕುಳಿ. ಇಪ್ಪತ್ತಾರು ವರ್ಷ ಬೇರೆಯವರ ಜಿಡ್ಡು ಕೈಗಳನ್ನು ಹಿಡಿದು ಹಾಕಿದ ತಪಾಸಣೆಯವರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಗ್ಲೌಸ್ ಹಾಕ್ಕೊಳ್ಳಿ ಅತ್ತೆ" ಎಂದೆ. ಊದಿದ ಗಿಣ್ಣು ದಾಟಿ ಗ್ಲೌಸ್ ಒಳಗೆ ಹೋಗಲಿಲ್ಲ. ದೊಡ್ಡದು ತಂದರೆ ಬ್ಲೇಡಿನ ಅಂಚು ಕೈಗೆ ಗೊತ್ತಾಗಲಿಲ್ಲ. "ನಾನು ಮಾಡ್ತೀನಿ, ನೀವು ಹೇಳಿಕೊಡಿ" ಎಂದೆ. ಆರು ಬ್ಲೇಡು ಕೊಟ್ಟರು. ಮಾಡಿ ಮುಗಿಸಿ ಎದುರಿಗಿಟ್ಟೆ. ಅತ್ತೆ ಆರನ್ನೂ ನೋಡಿ, "ಇವಕ್ಕೆ ಗಾಳ ಬೇಡ. ಸುಮ್ನೆ ಕೆರೆಗೆ ಎಸೀ" ಎಂದರು.

ಹೀಗೆ ಅವರು ಮುಲಾಮು ಬಿಟ್ಟರು. ಡಬ್ಬಿಯನ್ನು ಬೀರುವಿನ ಮೇಲಿನ ಅರೆಯಲ್ಲಿ ಇಟ್ಟು, ಚರ್ಮದಲ್ಲಿ ಇಳಿದ ಜಿಡ್ಡು ಹೋಗಲೆಂದು ಎಂಟು ದಿನ ದಿನಕ್ಕೆ ಮೂರು ಸಲ ಸೋಪಿನಲ್ಲಿ ಕೈ ತೊಳೆದರು. ಒಂಬತ್ತನೆಯ ದಿನ ಹನ್ನೆರಡು ಹಿತ್ತಾಳೆ ಬ್ಲೇಡು ತೆಗೆದುಕೊಂಡು ಕೂತರು. ಮೊದಲು ಒಂದು ಹಗಲಿನ ಕೆಲಸವಾಗಿದ್ದುದಕ್ಕೆ ಈ ಸಲ ಆರು ಹಗಲು ಹಿಡಿಯಿತು. ಒಂದು ಬ್ಲೇಡು ಒರೆಸಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಆಮೇಲೆ ಇನ್ನೊಂದು. ಇಕ್ಕಳ ಎರಡು ಸಲ ಜಾರಿ ಬಿತ್ತು. ಎತ್ತಿಕೊಡಲು ಹೋದರೆ "ಇರಲಿ" ಎಂದರು. ನಾನು ಬಾಗಿಲಲ್ಲಿ ನಿಂತು ನೋಡಲಾರದೆ ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆ ಸೋದರಮಾವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂಬೈನೂರು ಗ್ರಾಮಿಗಾಗಿ ಹನ್ನೊಂದು ವರ್ಷ ಬಿಗಿದುಕೊಂಡ ಮನುಷ್ಯ, ಸಾಸಿವೆಯಷ್ಟು ಕುಳಿಗೆ ಬೇಡ ಎಂದುಬಿಟ್ಟ.

ಹನ್ನೆರಡೂ ಕನ್ನಡಿಯಂತೆ ಬಂದವು. ಈ ಸಲ ಅತ್ತೆ ತಮ್ಮ ಕಣ್ಣನ್ನು ನಂಬದೆ ನನ್ನ ಕೈಗೆ ಭೂತಗನ್ನಡಿ ಕೊಟ್ಟು ನೋಡಿಸಿದರು. ರಟ್ಟಿಗೆ ಕಟ್ಟುವಾಗ ಗಂಟು ಹಾಕಲು ಮಾತ್ರ ನನ್ನ ಸಹಾಯ ಬೇಕೇನೋ ಎಂದು ಕೈ ಚಾಚಿದೆ. ಕೊಡಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿ ಎಳೆದು ತಾವೇ ಕಟ್ಟಿದರು.

"ಇನ್ನೊಂದೇ ಒಂದು ಸಲ ತೋರಿಸಿ ನೋಡು ಅಂತ ಹೇಳು ಅಂಗಡಿಯವನಿಗೆ" ಎಂದರು. "ಕೊಳ್ಳದಿದ್ರೆ ಬೇಡ. ತೋರಿಸ್ಲಿ." ಅವರು ಯಾರಲ್ಲೂ ಏನನ್ನೂ ಹೀಗೆ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕೊಟ್ಟು ಬಂದ ನಾಲ್ಕನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ಬಡಿದ ಸದ್ದು. ತೆರೆದರೆ ಸೋದರಮಾವ. ಒಂದು ಕೈಯಲ್ಲಿ ಕೆಂಪು ಬ್ಲೇಡಿನ ನಾಲ್ಕು ಪ್ಯಾಕೆಟ್ಟು. ನನ್ನನ್ನು ದಾಟಿಕೊಂಡು, ಹನ್ನೊಂದು ವರ್ಷದ ಹಿಂದೆ ತಾವು ಕೂರುತ್ತಿದ್ದ ಕುರ್ಚಿ ಎಲ್ಲಿದೆ ಎಂದು ಹುಡುಕಿ, ಅದರಲ್ಲೇ ಕೂತರು. ಅತ್ತೆ ಹಿಂದಿನ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತರು. ಕೈಗಳನ್ನು ಸೆರಗಿನೊಳಗೆ ಮರೆಮಾಡಿಕೊಂಡಿದ್ದರು.

ಸೋದರಮಾವ ಪ್ಯಾಕೆಟ್ಟುಗಳನ್ನು ಮೇಜಿನ ಮೇಲೆ ಇಟ್ಟರು.

"ಇದಕ್ಕೆ ವಾಸನೆ ಇಲ್ಲ" ಎಂದರು.

"ಇಲ್ಲ. ಕುಳೀನೂ ಇಲ್ಲ, ನೋಡು" ಎಂದರು ಅತ್ತೆ.

"ಕುಳಿ ಯಾವನಿಗೆ ಬೇಕು? ಹೋದ ಸಲದ್ದಕ್ಕೆ ಅಮ್ಮನ ಮುಲಾಮಿನ ವಾಸನೆ ಇತ್ತು. ಕೈ ನೋವು ಅಂತ ಗೊತ್ತಾಯ್ತು. ಅದಕ್ಕೇ ಸಾಕು ನಿಲ್ಸು ಅಂತ ಹೇಳಿ ಕಳಿಸ್ದೆ. ನೀನು ನಿಲ್ಸೋದು ಬಿಟ್ಟು ಮುಲಾಮು ನಿಲ್ಸಿದೀಯ."

ನಾನು ಬಾಯಿ ಹಾಕಿದೆ, ತಡೆಯಲಾಗಲಿಲ್ಲ. "ಇವರೇ ಮಾಡೋದು ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಪ್ಯಾಕೆಟ್ಟಿನಲ್ಲೇ. ಗಂಟು ಬಿಚ್ಚೋಕೆ ಅರ್ಧ ಗಂಟೆ ಆಯ್ತು. ಚಿಕ್ಕಂದಿನಲ್ಲಿ ಇವಳ ಲಂಗದ ಲಾಡಿ ಬಿಚ್ಚಿಕೊಟ್ಟು ಬಿಚ್ಚಿಕೊಟ್ಟು ನನ್ನ ಉಗುರು ಹೋಗಿದೆ. ನನಗೆ ಗೊತ್ತಾಗಲ್ವಾ?" ಆಮೇಲೆ ತಂಗಿಯ ಕಡೆ ತಿರುಗಿ, "ಪುಟ್ಟೀ, ಕೈ ತೋರಿಸು" ಎಂದರು.

ಅರವತ್ತೆಂಟು ವರ್ಷದ ಪುಟ್ಟಿ ಸೆರಗಿನಿಂದ ಕೈ ಹೊರಗೆ ತೆಗೆದರು. ಸೋದರಮಾವ ನೋಡಿದರು. ಜೇಬಿನಿಂದ ಒಂದು ಸಣ್ಣ ತಗಡಿನ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದರು. ಕರ್ಪೂರದ ವಾಸನೆ ಬಂತು. ಅತ್ತೆ ಬಗ್ಗಿ ಮೂಸಿದರು.

"ಮೇಣ ಜಾಸ್ತಿ ಆಗಿದೆ."

"ಸುಮ್ನೆ ಹಚ್ಕೋ."

"ಹಚ್ಕೊಂಡ್ರೆ ಬ್ಲೇಡ್ ಮುಟ್ಟೋ ಹಾಗಿಲ್ಲ."

"ಮುಟ್ಬೇಡ. ನಾನು ಮುಟ್ತೀನಿ. ನೀನು ಕುರ್ಚಿ ಹಾಕ್ಕೊಂಡು ಕೂತು ತಪ್ಪು ಹುಡುಕು. ಅದೊಂದು ಚೆನ್ನಾಗಿ ಬರುತ್ತಲ್ಲ ನಿಂಗೆ."

ನಾನು ಚಹಾಕ್ಕೆ ನೀರಿಟ್ಟೆ. ಅಡುಗೆಮನೆಯಿಂದ ಬಗ್ಗಿ ನೋಡಿದರೆ ಸೋದರಮಾವ ತಂಗಿಯ ಒಂದೊಂದೇ ಬೆರಳು ಹಿಡಿದು, ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುವಷ್ಟೇ ಜೋಪಾನವಾಗಿ ಮುಲಾಮು ತಿಕ್ಕುತ್ತಿದ್ದರು. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಆ ಮಹಾನುಭಾವರು ಬಾಯಿ ತೆರೆದರು.

"ಅದು ನಾಲ್ಕು ಕಿಲೋ ಇತ್ತು ಪುಟ್ಟೀ."

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಇನ್ನು ಮತ್ತೆ ಹನ್ನೊಂದು ವರ್ಷ ಮಾತಿಲ್ಲ ಎಂದುಕೊಂಡೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು, ನಾನು ಆರಿಸಲಿಲ್ಲ.

"ತಕ್ಕಡಿ ಹಳೇದಾಗಿತ್ತು ಅಂತ ಕಾಣುತ್ತೆ" ಎಂದರು ಅತ್ತೆ.

ಸೋದರಮಾವ ಕಿರುಬೆರಳಿಗೂ ಮುಲಾಮು ಹಚ್ಚಿ ಮುಗಿಸಿದರು. ಮುಚ್ಚಳ ಹಾಕಿದರು.

"ಮೂರೂವರೆ ಇದ್ದಿರಬಹುದು" ಎಂದರು.

ಈಗ ಅವರು ವಾರಕ್ಕೆ ಮೂರು ದಿನ ಬಂದು ಹಿಂದಿನ ಕೋಣೆಯಲ್ಲಿ ಬ್ಲೇಡು ಒರೆಸುತ್ತಾರೆ, ಅತ್ತೆ ಕುರ್ಚಿಯಲ್ಲಿ ಕೂತು ಬೈಯುತ್ತಾರೆ. ಮೊದಲ ಮೂವತ್ತು ಬ್ಲೇಡು ಕೆರೆಗೆ ಹೋದವು. ಸೋಮವಾರ ಬೆಳಗ್ಗೆ ಮಾತ್ರ ಅಣ್ಣ ಬರುವ ಮೊದಲೇ ಅತ್ತೆ ಆ ತಕ್ಕಡಿ ತೆಗೆದು, ಬಟ್ಟುಗಳನ್ನು ಇಟ್ಟು ಪರೀಕ್ಷಿಸಿ, ಬಟ್ಟೆ ಸುತ್ತಿ ಒಳಗಿಡುತ್ತಾರೆ. ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ. ಅದು ಈವರೆಗೆ ಒಂದು ಗ್ರಾಮೂ ತಪ್ಪಿಲ್ಲ.